ಪ್ರತಿಕ್ರಿಯೆ: ವಿಂಡ್‌ಸರ್ಫಿಂಗ್‌ನಲ್ಲಿ (ಹಾಯಿ ಕಟ್ಟಿದ ಹಲಗೆಯ ಮೇಲೆ ನಿಂತು ಮಾಡುವ ಸವಾರಿ) ಅಲೆಯಿಳಿಯುವಾಗ ಬೋರ್ಡಿನ ಮೂತಿ ಮುಳುಗುವ ಬಗ್ಗೆ

ಮೊರಾಕ್ಕೋದ ಕರಾವಳಿ ಊರು ಎಸ್ಸೌಯಿರಾದಲ್ಲಿ ಅಲೆಯಿಳಿಯುವಾಗ ಬೋರ್ಡಿನ ಮೂತಿ ನೀರಿಗೆ ಹುಗಿಯುತ್ತದೆ ಎಂದು ಬರೆದಿದ್ದೀರಿ. ಅದಕ್ಕೆ ನಿಮ್ಮ ಕೌಶಲಕ್ಕಿಂತ ಹೆಚ್ಚಾಗಿ ನಿಮ್ಮ 120 ಲೀಟರ್ ಗಾತ್ರದ ಫ್ರೀರೈಡ್ (ನೇರ, ವೇಗದ ಸವಾರಿಯ) ಬೋರ್ಡಿನ ಚಪ್ಪಟೆ ತಳವೇ ಬಹುಶಃ ಕಾರಣ. ಸಮತಟ್ಟು ನೀರಿನಲ್ಲಿ ವೇಗ ಕೊಡುವ ನೇರ ತಳ ಅಲೆಯ ಬಾಗಿಗೆ ಹೊಂದುವುದಿಲ್ಲ.

ಮೊದಲು 90ರಿಂದ 95 ಲೀಟರಿನ ಫ್ರೀಸ್ಟೈಲ್-ವೇವ್ (ಅಲೆಗೂ ತಿರುವುಗಳಿಗೂ ಒಗ್ಗುವ) ಬೋರ್ಡನ್ನು ಬಾಡಿಗೆಗೆ ಪಡೆದು ನೋಡಿ. ಕೆ.ಜಿ.ಗೊಂದು ಲೀಟರಿನ ಲೆಕ್ಕದಲ್ಲಿ ನಿಮ್ಮ 75 ಕೆ.ಜಿ. ತೂಕಕ್ಕಿಂತ 15–20 ಲೀಟರ್ ಹೆಚ್ಚಿದ್ದರೆ, ಅಲೆಗಳ ನಡುವೆ ಗಾಳಿ ಸತ್ತಾಗಲೂ ಅದು ನಿಮ್ಮನ್ನು ಹೊತ್ತು ತೇಲುತ್ತದೆ. ಆಮೇಲೆ ಕ್ಯಾಂಬರ್ (ಹಾಯಿಯ ಬಾಗನ್ನು ಬಿಗಿಯಾಗಿ ಹಿಡಿದಿಡುವ ಬಿಡಿಭಾಗ) ಇರುವ ನಿಮ್ಮ 6.2 ಚದರ ಮೀಟರಿನ ಹಾಯಿಯನ್ನು ಬದಿಗಿಟ್ಟು, 5.0ರ ಆಸುಪಾಸಿನ ವೇವ್ ಹಾಯಿ (ಅಲೆಗೆಂದೇ ಮಾಡಿದ್ದು) ಕಟ್ಟಿ. ಹಿಂಗೈ ಸಡಿಲಿಸಿದೊಡನೆ ಅದರ ಎಳೆತ ಇಳಿಯುವುದು ನಿಮ್ಮ ತೋಳಿಗೇ ತಿಳಿಯುತ್ತದೆ, ತಿರುವಿಗೆ ಬೇಕಾದದ್ದು ಅದೇ. ಗಾಳಿ 25 ನಾಟ್ (ಗಂಟೆಗೆ ಸುಮಾರು 46 ಕಿ.ಮೀ.) ದಾಟಿದರೆ 4.5ರ ಹಾಯಿ ಸಾಕಾಗಬಹುದು.

ಎಸ್ಸೌಯಿರಾದ ಉತ್ತರಕ್ಕಿರುವ, ಬಲವಾದ ಗಾಳಿ ಮತ್ತು ದೊಡ್ಡ ಅಲೆಗಳ ತಾಣ ಮೌಲಾಯ್ ಬೂಜೆರ್ಕ್‌ತೂನಿಗೆ ದಯವಿಟ್ಟು ಈಗಲೇ ಹೋಗಬೇಡಿ. ಎಸ್ಸೌಯಿರಾದ ಕೊಲ್ಲಿಯೊಳಗಿನ ಸೊಂಟದೆತ್ತರದ ಅಲೆಗಳಲ್ಲೇ ಆರಂಭಿಸಿ.