ಹೊಟ್ಟೆಯ ಮಾತ್ರೆಗೆ ದಮ್ಮು ಹತ್ತುತ್ತದೆಯೇ?

ಪ್ರಶ್ನೆ: ನಮ್ಮ ಅವ್ವನಿಗೆ 58 ವರ್ಷ. ಎಂಡೋಸ್ಕೋಪಿಯಲ್ಲಿ ಎಚ್. ಪೈಲೋರಿ ಎಂಬ ಹೊಟ್ಟೆಯ ಬ್ಯಾಕ್ಟೀರಿಯಾ ಸೋಂಕು ಕಂಡು 14 ದಿನದ ಮಾತ್ರೆ ಬರೆದರು. ಅದರಲ್ಲಿ ಫ್ಯುರಾಜೊಲಿಡೋನ್ ಇದೆ. ಎಂಟನೇ ದಿನದಿಂದ ಜ್ವರ, ಒಣಕೆಮ್ಮು, ಮೆಟ್ಟಿಲು ಹತ್ತಿದರೆ ಏದುಸಿರು. ಪಕ್ಕದಲ್ಲೇ ದಾಲ್‌ಮಿಲ್ ಇರುವುದರಿಂದ ಎಲ್ಲರೂ ತೊಗರಿ ಧೂಳು ಅನ್ನುತ್ತಾರೆ. ಮಾತ್ರೆ ಕಾರಣವೇ?
– ಓದುಗರು, ಸೇಡಂ

ಉತ್ತರ: ಧೂಳನ್ನು ದೂರುವ ಮೊದಲು ಮಾತ್ರೆಯನ್ನು ಅನುಮಾನಿಸಿ. ಅಪರೂಪವಾದರೂ ಈ ಔಷಧ ಶ್ವಾಸಕೋಶಕ್ಕೆ ಒಗ್ಗದೆ ಹೋಗುವುದುಂಟು. ಆಗ ಇಯೊಸಿನೊಫಿಲ್ ಎಂಬ ಬಿಳಿ ರಕ್ತಕಣಗಳು ಗಾಳಿಚೀಲಗಳ ಸುತ್ತ ಸೇರಿ ಊತವಾಗುತ್ತದೆ. ಕಫವಿಲ್ಲದೆಯೂ ಉಸಿರು ಸಾಲದು.

ಮುಂದಿನ ಡೋಸ್ ಕೊಡದೆ ಇವತ್ತೇ ವೈದ್ಯರ ಹತ್ತಿರ ಕರೆದೊಯ್ಯಿರಿ. ಮಾತ್ರೆಯ ಸ್ಟ್ರಿಪ್‌ಗಳು ಜೊತೆಗಿರಲಿ. ಮಾತ್ರೆ ಶುರುವಾದ ದಿನ, ಕೆಮ್ಮು ಶುರುವಾದ ದಿನ ಚೀಟಿಯಲ್ಲಿ ಬರೆದಿರಲಿ. ರೋಗ ಗುರುತಿಸಲು ಈ ಎರಡು ತಾರೀಖು ಬಹಳ ಮುಖ್ಯ. ರಕ್ತದಲ್ಲಿ ಇಯೊಸಿನೊಫಿಲ್ ಎಣಿಕೆ ಮೈಕ್ರೋಲೀಟರ್‌ಗೆ 500 ದಾಟಿದ್ದರೆ ಸುಳಿವು ಸಿಕ್ಕಂತೆ, ದಾಟದಿದ್ದರೂ ಅನುಮಾನ ಬಿಡಬೇಡಿ. ಎದೆಯ ಎಕ್ಸ್‌ರೇ ಬೇಕೇ ಬೇಕು, ನ್ಯುಮೋನಿಯಾ ಮತ್ತು ಟಿಬಿ ಕೂಡ ಹೀಗೇ ಕಾಣಬಹುದು. ಸುಮ್ಮನೆ ಕೂತಾಗಲೂ ಆಕ್ಸಿಮೀಟರ್ 94ಕ್ಕಿಂತ ಕೆಳಗೆ ತೋರಿಸಿದರೆ ಬೆಳಗಾಗುವ ತನಕ ಕಾಯದೆ 108ಕ್ಕೆ ಕರೆ ಮಾಡಿ. ಮೆಹಂದಿ ಹಚ್ಚಿದ ಬೆರಳಿಗೆ ಸಿಕ್ಕಿಸಬೇಡಿ, ಅಂಕಿ ತಪ್ಪಬಹುದು.

ಹೆಚ್ಚಿನ ಅಪಾಯ ಇಲ್ಲಿದೆ. ಮಾತ್ರೆ ನಿಂತ ಕೆಲವೇ ದಿನಕ್ಕೆ ಜ್ವರ ಇಳಿಯುತ್ತದೆ, ಮನೆಯವರು "ಉಳಿದದ್ದು ಮುಗಿಸಿಬಿಡೋಣ" ಎಂದು ಮತ್ತೆ ಕೊಡುತ್ತಾರೆ. ಎರಡನೇ ಸಲ ತೊಂದರೆ ಗಂಟೆಗಳಲ್ಲೇ, ಇನ್ನೂ ಜೋರಾಗಿ ಮರಳಬಹುದು. ಹಾಗೆಯೇ ಕೆಮ್ಮಿಗೆಂದು ಅಂಗಡಿಯ ನೆಗಡಿ ಮಾತ್ರೆ ಕೊಡಬೇಡಿ. ಅದರಲ್ಲಿ ಫಿನೈಲೆಫ್ರಿನ್ ಇದ್ದರೆ ಫ್ಯುರಾಜೊಲಿಡೋನ್ ಜೊತೆ ಸೇರಿ ಬಿಪಿ ದಿಢೀರ್ ಏರುತ್ತದೆ. ಈ ಭಯ ಮಾತ್ರೆ ನಿಲ್ಲಿಸಿದ ಮೇಲೂ ಎರಡು ವಾರ ಇರುತ್ತದೆ.

ಮಾತ್ರೆಯೇ ಕಾರಣ ಎಂದು ಗೊತ್ತಾದರೆ ಅದರ ಹೆಸರನ್ನು ಅವ್ವನ ಆಸ್ಪತ್ರೆ ಫೈಲಿನ ಮೇಲೆ ದಪ್ಪಕ್ಷರದಲ್ಲಿ ಬರೆಸಿ. ಮೂತ್ರದ ಸೋಂಕಿಗೆ ಕೊಡುವ ನೈಟ್ರೊಫ್ಯುರಾಂಟೊಯಿನ್ ಅದೇ ಗುಂಪಿನದು, ಅದನ್ನೂ ತಪ್ಪಿಸಬೇಕು. ಎಚ್. ಪೈಲೋರಿಗೆ ಬೇರೆ ಮಾತ್ರೆಗಳ ಕೋರ್ಸ್ ಇದೆ, ಅರ್ಧಕ್ಕೆ ಬಿಡಬೇಡಿ.

ಪ್ರಶ್ನೆ: ದಮ್ಮಿಗೆ ದಿನಾ ಡೆರಿಫಿಲಿನ್ ನುಂಗುತ್ತೇನೆ. ಭೇದಿಗೆ ಸಿಪ್ರೊಫ್ಲಾಕ್ಸಸಿನ್ ತಗೊಂಡ ಮೇಲೆ ಎದೆ ಡವಡವ, ಕೈನಡುಕ.
– ಓದುಗರು, ಹುಮನಾಬಾದ್

ಉತ್ತರ: ಡೆರಿಫಿಲಿನ್‌ನಲ್ಲಿರುವ ಥಿಯೋಫಿಲಿನ್ ಕರಗುವುದು ಲಿವರ್‌ನಲ್ಲಿ, ಸಿಪ್ರೊ ಆ ಕೆಲಸಕ್ಕೆ ತಡೆ ಹಾಕುತ್ತದೆ. ಥಿಯೋಫಿಲಿನ್ ರಕ್ತದಲ್ಲಿ ಏರುತ್ತಾ ಹೋದರೆ ವಾಂತಿ, ಫಿಟ್ಸ್ ಕೂಡ ಬರಬಹುದು. ಇಂದೇ ವೈದ್ಯರನ್ನು ಕಂಡು ಇಸಿಜಿ ಮಾಡಿಸಿ, ಎರಡರಲ್ಲಿ ಯಾವುದು ಬೇಕು ಎಂದು ಅವರೇ ಹೇಳಲಿ. ಕ್ಲಾರಿಥ್ರೊಮೈಸಿನ್ ಎಂಬ ಆ್ಯಂಟಿಬಯೋಟಿಕ್ ಕೂಡ ಹೀಗೇ ಮಾಡಬಹುದು. ನೀರು ಭೇದಿಗೆ ಬಹುತೇಕ ಓಆರ್‌ಎಸ್ ಸಾಕು: ಒಂದು ದೊಡ್ಡ ಪಾಕೀಟಿಗೆ ಪೂರ್ತಿ ಒಂದು ಲೀಟರ್ ನೀರು.