ಬೆಂಗಳೂರಿನ ಮನೆಯಲ್ಲಿ ಸಿಗಾರ್ ಇಡಲು ಎಂಥ ಹ್ಯೂಮಿಡಾರ್ ಕೊಳ್ಳಬೇಕು? ತಂದ ಮೇಲೆ ಹೇಗೆ ಹದ ಮಾಡಬೇಕು?

ನಿಮ್ಮ ಭಾವ ದುಬೈನಿಂದ ಬರುವಾಗ 20 ಸಿಗಾರ್ ತಂದುಕೊಟ್ಟಿದ್ದಾರೆ. ಮನೆ ಬೆಂಗಳೂರಿನಲ್ಲಿ, ಅದೂ ಮೇಲಿನ ಮಹಡಿ. ಮೇಜಿನ ಮೇಲೆ ಇಡುವಂಥ ಹ್ಯೂಮಿಡಾರ್ (ಸಿಗಾರ್ ಒಣಗದಂತೆ ತೇವ ಕಾಯುವ ಪೆಟ್ಟಿಗೆ) ಯಾವುದು ತಗೊಳ್ಳಲಿ, ತಂದು ಅದರೊಳಗೆ ಜೋಡಿಸಿಟ್ಟರೆ ಸಾಕಲ್ವಾ ಅಂತ ಕೇಳಿದ್ದೀರಿ. ಸಾಕಾಗುವುದಿಲ್ಲ. ಪೆಟ್ಟಿಗೆ ಬಂದ ದಿನವೇ ಸಿಗಾರ್ ಒಳಗಿಡಬೇಡಿ. ಎರಡು ವಾರ ಕಾಯಬೇಕಾಗುತ್ತದೆ. ಇದೊಂದನ್ನು ನನಗೆ ಯಾರಾದರೂ ಮೊದಲೇ ಹೇಳಿದ್ದರೆ ನನ್ನ ಮೊದಲ ಹತ್ತು ಸಿಗಾರ್ ಉಳಿಯುತ್ತಿದ್ದವು.

ನಮ್ಮೂರು ಪಿರಿಯಾಪಟ್ಟಣದ ಕಡೆ. ಅಪ್ಪ ಹೊಗೆಸೊಪ್ಪು ಬೆಳೆಯುತ್ತಿದ್ದರು. ನಮ್ಮ ಕಡೆ ಬೆಳೆಯುವುದು ಸಿಗರೇಟಿಗೆ ಹೋಗುವ ವರ್ಜೀನಿಯಾ. ಎಲೆಯನ್ನು ಕಡ್ಡಿಗೆ ಕಟ್ಟಿ, ಬ್ಯಾರನ್ನಿನಲ್ಲಿ, ಅಂದರೆ ಸೊಪ್ಪು ಹದ ಮಾಡುವ ಮನೆಯಲ್ಲಿ, ನೇತುಹಾಕಿ, ಬೆಂಕಿಯ ಶಾಖದಲ್ಲಿ ಐದಾರು ದಿನ ಬೇಯಿಸುತ್ತಾರೆ. ಸಿಗಾರ್ ಎಲೆಯ ದಾರಿ ಬೇರೆ. ಅದನ್ನು ನೆರಳಲ್ಲಿ, ಗಾಳಿಯಲ್ಲಿ ವಾರಗಟ್ಟಲೆ ಒಣಗಿಸಿ, ಆಮೇಲೆ ರಾಶಿ ಹಾಕಿ ಹುದುಗಿಸುತ್ತಾರೆ. ಆದರೆ ಒಂದು ವಿಷಯ ಎರಡಕ್ಕೂ ಒಂದೇ. ಬೆಂಕಿ ಆರಿದ ಮೇಲೆ ಬ್ಯಾರನ್ ಒಳಗಿನ ಎಲೆ ಹಪ್ಪಳದ ಹಾಗಿರುತ್ತದೆ. ಮುಟ್ಟಿದರೆ ಪುಡಿ. ಅದಕ್ಕೆ ಅಪ್ಪ ತಕ್ಷಣ ಇಳಿಸುತ್ತಿರಲಿಲ್ಲ. ರಾತ್ರಿ ಬಾಗಿಲು ತೆರೆದಿಡುತ್ತಿದ್ದರು. ರಾತ್ರಿಯ ತಂಪು ಗಾಳಿಯ ತೇವ ಕುಡಿದು ಬೆಳಗಾಗುವ ಹೊತ್ತಿಗೆ ಎಲೆ ಮೆತ್ತಗಾಗುತ್ತಿತ್ತು. "ಹದ ಬಂದಿದೆಯಾ ನೋಡು" ಎಂದು ನನ್ನನ್ನು ಒಳಗೆ ಕಳಿಸುತ್ತಿದ್ದರು. ಮಡಚಿದರೆ ಮುರಿಯಬಾರದು, ಹಿಂಡಿದರೆ ಅಂಟಬಾರದು. ಆ ಹದವನ್ನು ತಿಂಗಳುಗಟ್ಟಲೆ ಹಿಡಿದಿಡುವುದೇ ಹ್ಯೂಮಿಡಾರ್‌ನ ಕೆಲಸ. ಇಷ್ಟು ಮನಸ್ಸಿನಲ್ಲಿದ್ದರೆ ಉಳಿದದ್ದು ಸುಲಭ.

ಅಂಕಿಯಲ್ಲಿ ಹೇಳುವುದಾದರೆ ಸಿಗಾರ್ ಸುತ್ತಲಿನ ಗಾಳಿಯಲ್ಲಿ ಇರಬೇಕಾದ ತೇವಾಂಶ ಶೇ. 65ರಿಂದ 70. ಹಳಬರು 70-70 ಎನ್ನುತ್ತಾರೆ. ಅಂದರೆ ಶೇ. 70 ತೇವಾಂಶ, 70 ಡಿಗ್ರಿ ಫ್ಯಾರನ್‌ಹೀಟ್ ಶಾಖ. ನಮ್ಮ ಲೆಕ್ಕದಲ್ಲಿ ಸುಮಾರು 21 ಡಿಗ್ರಿ ಸೆಲ್ಸಿಯಸ್. ಬೆಂಗಳೂರು 900 ಮೀಟರ್ ಎತ್ತರದಲ್ಲಿದ್ದರೂ ನಮ್ಮ ಮನೆಗಳ ಒಳಗೆ ವರ್ಷದ ಬಹುಪಾಲು 21 ಡಿಗ್ರಿ ಸಿಗುವುದಿಲ್ಲ. ಬಿಸಿ ಜಾಸ್ತಿ ಇರುವಲ್ಲಿ ತೇವವೂ ಜಾಸ್ತಿ ಇದ್ದರೆ ಬೂಷ್ಟು ಬರುತ್ತದೆ. ಅದಕ್ಕೆ ನಮ್ಮ ಊರಿಗೆ 65ರ ಆಸುಪಾಸು ಸಾಕು ಎನ್ನುವುದು ನನ್ನ ಅಭಿಪ್ರಾಯ. ಹೊತ್ತಿಸಿದಾಗ ಉರಿಯುವುದೂ ಸಮನಾಗಿರುತ್ತದೆ.

ಈಗ ಪೆಟ್ಟಿಗೆ. ಮೊದಲು ಮುಚ್ಚಳ ನೋಡಿ, ಆಮೇಲೆ ಅಂದ ನೋಡಿ. ಹೊರಗಿನ ಹೊಳಪು, ಹಿತ್ತಾಳೆ ಹಿಡಿ, ಕೆತ್ತನೆ ಇವುಗಳಿಂದ ಸಿಗಾರ್‌ಗೆ ಏನೂ ಆಗಬೇಕಿಲ್ಲ. ಮುಚ್ಚಳವನ್ನು ಒಂದೆರಡು ಅಂಗುಲ ಎತ್ತಿ ಕೈಬಿಡಿ. ಒಳ್ಳೆಯ ಪೆಟ್ಟಿಗೆಯಾದರೆ ಒಳಗಿನ ಗಾಳಿ ತಡೆದು ಮುಚ್ಚಳ ನಿಧಾನವಾಗಿ ಕೂರುತ್ತದೆ. ಟಪ್ ಎಂದು ಬಡಿದರೆ ಎಲ್ಲೋ ಸಂದಿದೆ ಎಂದೇ ಅರ್ಥ. ಆಮೇಲೆ ಒಂದು ಕಾಗದದ ಚೂರನ್ನು ಅಂಚಿನಲ್ಲಿಟ್ಟು ಮುಚ್ಚಿ, ಎಳೆಯಿರಿ. ಹಿಡಿದ ಹಾಗಿರಬೇಕು. ನಾಲ್ಕೂ ಕಡೆ ನೋಡಿ, ಮುಖ್ಯವಾಗಿ ಹಿಂದಿನ ಕೀಲಿನ ಬಳಿ. ಆನ್‌ಲೈನ್‌ನಲ್ಲಿ ತರಿಸಿದರೆ ಬಂದ ದಿನ ರಾತ್ರಿ ದೀಪ ಆರಿಸಿ, ಮೊಬೈಲ್ ಟಾರ್ಚ್ ಹಚ್ಚಿ ಒಳಗಿಟ್ಟು ಮುಚ್ಚಿ. ಬೆಳಕಿನ ಗೆರೆ ಕಂಡರೆ ವಾಪಸ್ ಕಳಿಸಿ.

ಗಾಜಿನ ಮುಚ್ಚಳದ್ದು ಬೇಡ ಎಂದೇ ನಾನು ಹೇಳುವುದು. ನಾನು ಮೊದಲು ಕೊಂಡದ್ದು ಅಂಥದ್ದೇ. ನೋಡಲು ಬಹಳ ಚೆನ್ನಾಗಿತ್ತು. ಗಾಜು ಮತ್ತು ಮರ ಸೇರುವ ಅಂಚಿನಲ್ಲಿ ಸಂದಿ ಇದ್ದದ್ದು ಫೆಬ್ರವರಿ ಬರುವ ತನಕ ಗೊತ್ತಾಗಲಿಲ್ಲ. ಫೆಬ್ರವರಿ, ಮಾರ್ಚಿನ ಮಧ್ಯಾಹ್ನ ಬೆಂಗಳೂರಿನ ಗಾಳಿ ಎಷ್ಟು ಒಣಗಿರುತ್ತದೆ ಎಂದು ನಿಮಗೂ ಗೊತ್ತು, ತುಟಿ ಒಡೆಯುತ್ತದೆ. ಅದೇ ಗಾಳಿ ಸಂದಿಯಿಂದ ಒಳಗಿನ ತೇವವನ್ನೆಲ್ಲ ಎಳೆದುಕೊಂಡಿತು. ಗಾಜಿನ ಮೂಲಕ ಬೆಳಕೂ ಬೀಳುತ್ತದೆ. ಅದೂ ಒಳ್ಳೆಯದಲ್ಲ.

ಒಳಗಿನ ಮರ ಸ್ಪ್ಯಾನಿಷ್ ಸೀಡರ್ ಆಗಿರಲಿ. ಹೆಸರು ಹಾಗಿದ್ದರೂ ಅದು ಸ್ಪೇನಿನದೂ ಅಲ್ಲ, ಸೀಡರ್ರೂ ಅಲ್ಲ. ಮಧ್ಯ ಮತ್ತು ದಕ್ಷಿಣ ಅಮೆರಿಕದ ಮರ, ನಮ್ಮ ಬೇವು ಮತ್ತು ಮಹಾಗನಿಯ ಕುಟುಂಬದ್ದು. ಮಲೆನಾಡಿನ ನೋಗೆ ಮರ ಇದರ ಹತ್ತಿರದ ನೆಂಟ. ತೇವ ಕುಡಿದು ನಿಧಾನವಾಗಿ ಬಿಡುತ್ತದೆ, ಬೇಗ ಡೊಂಕಾಗುವುದಿಲ್ಲ, ಅದರ ಪರಿಮಳ ಸಿಗಾರ್‌ಗೆ ಹೊಂದುತ್ತದೆ. ಒಳಗೆ ವಾರ್ನಿಶ್, ಬಣ್ಣ, ಪಾಲಿಶ್ ಏನೂ ಬಳಿದಿರಬಾರದು. ಇಲ್ಲಿ ಒಂದು ಮಾತು. ನಮ್ಮಲ್ಲಿ ಮೈಸೂರಿನ ಗಂಧದ ಪೆಟ್ಟಿಗೆ ಇರುವ ಮನೆಗಳು ಬಹಳ. ಅದರಲ್ಲಿ ಇಡೋಣವೇ ಎಂದು ಒಬ್ಬರು ನನ್ನನ್ನು ಕೇಳಿದ್ದರು. ದಯವಿಟ್ಟು ಬೇಡ. ಸಿಗಾರ್ ಸುತ್ತಲಿನ ವಾಸನೆಯನ್ನೆಲ್ಲ ಎಳೆದುಕೊಳ್ಳುತ್ತದೆ. ಒಂದು ತಿಂಗಳಲ್ಲಿ ಅದರಲ್ಲಿ ಗಂಧ ಬಿಟ್ಟು ಬೇರೇನೂ ಉಳಿಯುವುದಿಲ್ಲ. ಇದೇ ಕಾರಣಕ್ಕೆ ನುಸಿ ಗುಳಿಗೆ ಹಾಕಿದ ಬಟ್ಟೆ ಬೀರು, ಊದುಬತ್ತಿ ಹಚ್ಚುವ ದೇವರ ಕೋಣೆ, ಒಗ್ಗರಣೆ ಹೊಗೆ ಬರುವ ಜಾಗ ಯಾವುದೂ ಪೆಟ್ಟಿಗೆಗೆ ಆಗಿಬರುವುದಿಲ್ಲ.

ಅಳತೆ 50 ಸಿಗಾರ್‌ನದು ತಗೊಳ್ಳಿ. ಅಂಗಡಿಯವರು ಹೇಳುವ ಲೆಕ್ಕ ಸಣ್ಣ ಸಿಗಾರ್‌ಗಳದ್ದು. ದಪ್ಪನೆಯವು 50ರ ಪೆಟ್ಟಿಗೆಯಲ್ಲಿ 35 ಹಿಡಿದರೆ ಹೆಚ್ಚು. ತುಂಬಾ ಕಿಕ್ಕಿರಿದರೆ ಗಾಳಿಯೂ ಆಡುವುದಿಲ್ಲ. ವಿದೇಶದಿಂದ ಬರುವವರು ಒಬ್ಬೊಬ್ಬರು ಸುಂಕ ಇಲ್ಲದೆ ತರಬಹುದಾದದ್ದು 25 ಸಿಗಾರ್, ಅದೂ ಬೇರೆ ತಂಬಾಕು ತರದಿದ್ದರೆ. ಭಾವ ಇನ್ನೊಮ್ಮೆ ಬಂದರೂ ಜಾಗ ಇರುತ್ತದೆ.

ಪೆಟ್ಟಿಗೆಯ ಜೊತೆ ಬರುವ, ತೇವಾಂಶ ತೋರಿಸುವ ಮುಳ್ಳಿನ ಮೀಟರ್ ನಂಬಬೇಡಿ. ನನ್ನದು ಎಂಟು ಅಂಕಿ ತಪ್ಪು ತೋರಿಸುತ್ತಿತ್ತು. ಸಣ್ಣದೊಂದು ಡಿಜಿಟಲ್ ಹೈಗ್ರೋಮೀಟರ್ ತಗೊಳ್ಳಿ. ಅದನ್ನೂ ಪರೀಕ್ಷಿಸಿ. ಬಾಟಲಿ ಮುಚ್ಚಳದಲ್ಲಿ ಪುಡಿ ಉಪ್ಪು ಹಾಕಿ, ಕೆಲವು ಹನಿ ನೀರು ಬಿಡಿ. ನೆನೆದ ಇಡ್ಲಿ ರವೆಯ ಹಾಗಿರಬೇಕು, ಕರಗಿ ನೀರಾಗಬಾರದು. ಅದನ್ನೂ ಮೀಟರನ್ನೂ ಒಂದೇ ಜಿಪ್ ಕವರಿನಲ್ಲಿ ಹಾಕಿ ಮುಚ್ಚಿ, ಒಂದು ದಿನ ಬಿಡಿ. ಒದ್ದೆ ಉಪ್ಪಿನ ಸುತ್ತಲಿನ ಗಾಳಿ ಶೇ. 75ಕ್ಕೆ ಬಂದು ನಿಲ್ಲುತ್ತದೆ, ಅದು ಉಪ್ಪಿನ ಗುಣ. ಮೀಟರ್ 72 ತೋರಿಸಿದರೆ ಯಾವಾಗಲೂ 3 ಕೂಡಿಸಿ ಓದಿ. ಅಷ್ಟೇ.

ಇನ್ನು ಆ ಎರಡು ವಾರ. ಹೊಸ ಪೆಟ್ಟಿಗೆಯ ಮರ ಒಣಗಿರುತ್ತದೆ, ಬಾಯಾರಿರುತ್ತದೆ. ಮಳೆಗಾಲದಲ್ಲಿ ನಮ್ಮ ಹಳೇ ಮನೆಗಳ ಬಾಗಿಲು ಊದಿ ಬಿಗಿಯಾಗುತ್ತದಲ್ಲ, ಮರ ಅಷ್ಟು ನೀರು ಕುಡಿಯುತ್ತದೆ. ಒಣ ಮರದ ಪೆಟ್ಟಿಗೆಯಲ್ಲಿ ಸಿಗಾರ್ ಇಟ್ಟರೆ ಮರ ಅದರ ತೇವವನ್ನೇ ಕುಡಿಯುತ್ತದೆ. ನನ್ನ ಮೊದಲ ಹತ್ತು ಹೋದದ್ದು ಹೀಗೇ. ಹೊರಗಿನ ಎಲೆ ಬಿರಿದು ಸಿಪ್ಪೆ ಸಿಪ್ಪೆ ಎದ್ದಿತ್ತು.

ಅದಕ್ಕೆ ಮೊದಲು ಮರಕ್ಕೆ ಕುಡಿಸಬೇಕು. ಬೊವೇಡಾ ಎಂಬ ತೇವದ ಪ್ಯಾಕೆಟ್‌ಗಳು ಸಿಗುತ್ತವೆ, ಮೇಲೆ ಬರೆದ ಅಂಕಿ ಅದು ಹಿಡಿದಿಡುವ ಶೇಕಡಾ ತೇವಾಂಶ. ಅವುಗಳಲ್ಲಿ 84 ಎಂದು ಬರೆದದ್ದು ಈ ಕೆಲಸಕ್ಕೇ ಇರುವುದು. 60 ಗ್ರಾಮಿನದು 25 ಸಿಗಾರ್ ಜಾಗಕ್ಕೆ ಒಂದು, ಅಂದರೆ ನಿಮ್ಮ ಪೆಟ್ಟಿಗೆಗೆ ಎರಡು. ಒಳಗಿನ ತಟ್ಟೆ, ಪಟ್ಟಿ ಎಲ್ಲ ಅದರಲ್ಲೇ ಇರಲಿ. ಮುಚ್ಚಿ 14 ದಿನ ಬಿಡಿ. ತೆರೆದು ತೆರೆದು ನೋಡಬೇಡಿ. ಆ ಪ್ಯಾಕೆಟ್ ಸಿಗದಿದ್ದರೆ ಹೊಸ ಸ್ಪಂಜನ್ನು ಡಿಸ್ಟಿಲ್ಡ್ ವಾಟರಿನಲ್ಲಿ ನೆನೆಸಿ, ಹಿಂಡಿ, ಪುಟ್ಟ ತಟ್ಟೆಯಲ್ಲಿಟ್ಟು ಒಳಗಿಡಿ. ಒಣಗಿದಾಗ ಮತ್ತೆ ನೆನೆಸಿ. ನಲ್ಲಿ ನೀರು, ಬೋರ್‌ವೆಲ್ ನೀರು ಬೇಡ. ನಮ್ಮ ಬೋರ್ ನೀರಿನ ಗಡಸು ಬಿಸಿನೀರಿನ ಪಾತ್ರೆಯಲ್ಲಿ ಬಿಳಿ ಪದರ ಕಟ್ಟುವುದನ್ನು ನೋಡಿದ್ದೀರಲ್ಲ. ಇನ್ವರ್ಟರ್ ಬ್ಯಾಟರಿಗೆಂದು ಅರ್ಧ ಬಳಸಿಟ್ಟ ಕ್ಯಾನಿನ ನೀರೂ ಬೇಡ, ಸೀಲ್ ಒಡೆಯದ ಬಾಟಲಿ ತನ್ನಿ. ಕೆಲವರು ಒದ್ದೆ ಬಟ್ಟೆಯಲ್ಲಿ ಒಳಗೆಲ್ಲ ಒರೆಸಿ ಎನ್ನುತ್ತಾರೆ. ಬೇಗ ಆಗುತ್ತದೆ ನಿಜ, ಆದರೆ ಮರದ ಮೇಲ್ಮೈ ಒಮ್ಮೆಲೇ ಊದಿ ಡೊಂಕಾಗಬಹುದು. ಡೊಂಕಾದ ಮುಚ್ಚಳ ಮತ್ತೆ ಸರಿಯಾಗಿ ಕೂರುವುದಿಲ್ಲ.

ಎರಡು ವಾರದ ನಂತರ 84ರ ಪ್ಯಾಕೆಟ್ ತೆಗೆದು 69ರದ್ದು ಎರಡು ಹಾಕಿ. ಮರದ ಪೆಟ್ಟಿಗೆ ಎಷ್ಟೇ ಚೆನ್ನಾಗಿದ್ದರೂ ಒಂದಿಷ್ಟು ಸೋರುತ್ತದೆ. 69 ಹಾಕಿದರೆ ಮೀಟರ್ ಎರಡು ಮೂರು ಅಂಕಿ ಕೆಳಗೆ ನಿಲ್ಲುವುದೇ ಹೆಚ್ಚು. ನಮಗೆ ಬೇಕಾದದ್ದೂ ಅದೇ. ಒಂದೆರಡು ದಿನ ನೋಡಿ, ಅಂಕಿ ನಿಂತ ಮೇಲೆ ಸಿಗಾರ್ ಇಡಿ.

ಪೆಟ್ಟಿಗೆಯ ಜೊತೆ ಹಸಿರು ಸ್ಪಂಜಿನ ಡಬ್ಬಿಯೊಂದು ಬರುತ್ತದೆ. ಅದನ್ನು ಬಳಸಬೇಡಿ ಎನ್ನಲು ಕಾರಣವಿದೆ. ಸ್ಪಂಜಿಗೆ ತೇವ ಕೊಡುವುದು ಗೊತ್ತು, ವಾಪಸ್ ತಗೊಳ್ಳುವುದು ಗೊತ್ತಿಲ್ಲ. ಚಳಿ ದೇಶದವರ ತಾಪತ್ರಯ ಒಣಗುವುದು. ಮನೆಯೊಳಗೆ ಹೀಟರ್ ಹಾಕುತ್ತಾರೆ, ಗಾಳಿ ಒಣಗುತ್ತದೆ. ನಮ್ಮ ತಾಪತ್ರಯ ಎರಡೂ ಕಡೆಯದು. ಮಾರ್ಚಿನಲ್ಲಿ ಒಣ, ಜುಲೈನಲ್ಲಿ ಒದ್ದೆ. ಒಂದು ಜುಲೈ ನನ್ನ ಪೆಟ್ಟಿಗೆಯಲ್ಲಿ 79 ಆಗಿ, ಸಿಗಾರ್‌ಗಳ ಬುಡದಲ್ಲಿ ಬೂಷ್ಟು ಕಟ್ಟಿತ್ತು. ಬುಡದಿಂದ ಒಳಗೂ ಹೋಗಿತ್ತು, ಎಲ್ಲ ಎಸೆಯಬೇಕಾಯಿತು. ಪ್ಯಾಕೆಟ್ ಆದರೆ ಜಾಸ್ತಿಯಾದ ತೇವವನ್ನು ತಾನೇ ಹೀರುತ್ತದೆ. ಅದರೊಳಗಿನ ದ್ರವ ಗಟ್ಟಿಯಾಗಿ ಕೈಗೆ ಗರಿಗರಿ ಸಿಕ್ಕಿತೆಂದರೆ ಬದಲಾಯಿಸಿ. ಮಂಗಳೂರು, ಉಡುಪಿ ಕಡೆಯವರು ಇದನ್ನು ಓದುತ್ತಿದ್ದರೆ ಮೊದಲು ಖಾಲಿ ಪೆಟ್ಟಿಗೆಯಲ್ಲಿ ಮೀಟರ್ ಇಟ್ಟು ನೋಡಿ. ಮಳೆಗಾಲದಲ್ಲಿ ಅಲ್ಲಿನ ಮರ ಆಗಲೇ ಕುಡಿದು ಕೂತಿರಬಹುದು, 84 ಬೇಕಾಗದೇ ಹೋಗಬಹುದು.

ನಿಮಗೆ ಇದಕ್ಕಿಂತ ದೊಡ್ಡ ಚಿಂತೆ ಶಾಖ. ಮೇಲಿನ ಮಹಡಿ ಎಂದಿದ್ದೀರಿ, ಏಪ್ರಿಲ್‌ನಲ್ಲಿ ತಾರಸಿ ಕಾಯುತ್ತದೆ. ಅರಿಶಿನ, ಕೊತ್ತಂಬರಿ ಬೀಜದ ಡಬ್ಬಿಯಲ್ಲಿ ಸಣ್ಣ ಕಂದು ಹುಳ ಬೀಳುತ್ತದಲ್ಲ, ಅಂಥದ್ದೇ ಒಂದು ಹುಳ ತಂಬಾಕಿಗೂ ಬೀಳುತ್ತದೆ. ಎಷ್ಟೋ ಸಲ ಎರಡೂ ಒಂದೇ ಜಾತಿ. ಅದರ ಮೊಟ್ಟೆ ಎಲೆಯಲ್ಲೇ ಬಂದಿರಬಹುದು, ಕಣ್ಣಿಗೆ ಕಾಣುವುದಿಲ್ಲ. ಶಾಖ 25 ದಾಟಿ ಅಲ್ಲೇ ನಿಂತರೆ ಮರಿಯಾಗುತ್ತದೆ. ಸೂಜಿಯಲ್ಲಿ ಚುಚ್ಚಿದಂಥ ತೂತು ಕಂಡರೆ ಅದೇ. ಒಂದಕ್ಕೆ ಬಂದರೆ ಪೆಟ್ಟಿಗೆಗೆಲ್ಲ ಬರುತ್ತದೆ. ಅದಕ್ಕೆ ನಾನು ಹೊಸ ಸಿಗಾರ್ ಬಂದ ಕೂಡಲೇ ಎರಡು ಜಿಪ್ ಕವರಿನಲ್ಲಿ ಗಾಳಿ ತೆಗೆದು ಕಟ್ಟಿ, ಒಂದು ದಿನ ಫ್ರಿಜ್ಜಿನಲ್ಲಿ, ಮೂರು ದಿನ ಫ್ರೀಜರಿನಲ್ಲಿ, ಮತ್ತೆ ಒಂದು ದಿನ ಫ್ರಿಜ್ಜಿನಲ್ಲಿ ಇಡುತ್ತೇನೆ. ಆಮೇಲೆ ಹೊರಗಿಟ್ಟು, ಕೋಣೆಯ ಶಾಖಕ್ಕೆ ಬಂದ ಮೇಲೆಯೇ ಕವರ್ ಬಿಚ್ಚುತ್ತೇನೆ. ಹಂತ ಬಿಟ್ಟರೆ ಎಲೆ ಬಿರಿಯುತ್ತದೆ. ಹಾಗೆಂದು ಫ್ರಿಜ್ಜಿನಲ್ಲೇ ಇಟ್ಟುಬಿಡಬೇಡಿ, ಅದರ ಗಾಳಿ ಒಣ, ಸಾಂಬಾರಿನ ವಾಸನೆ ಬೇರೆ.

ಪೆಟ್ಟಿಗೆಯನ್ನು ಮನೆಯ ಅತಿ ತಂಪಾದ ಕೋಣೆಯಲ್ಲಿಡಿ. ಬಿಸಿಲು ಬೀಳುವ ಪಶ್ಚಿಮದ ಗೋಡೆ ಬೇಡ. ಟಿವಿ, ಯುಪಿಎಸ್ ಹತ್ತಿರ ಬೇಡ. ಮೇಜಿನ ಮೇಲೇ ಇರಬೇಕು ಎಂದೇನೂ ಇಲ್ಲ, ಕೆಳಗಿನ ಖಾನೆಯಲ್ಲಿ ಇನ್ನೂ ತಂಪು. ನಾನು ಏಪ್ರಿಲ್, ಮೇ ಎರಡು ತಿಂಗಳು ಹಾಸಿಗೆಯ ಕೋಣೆಯ ಕಪಾಟಿನ ತಳದಲ್ಲಿ ಇಡುತ್ತೇನೆ.

ಈ ಎರಡು ವಾರ ನಿಮ್ಮ 20 ಸಿಗಾರ್ ಎಲ್ಲಿಡುವುದು? ಅಡುಗೆಮನೆಗೆ ತರುತ್ತೇವಲ್ಲ, ನಾಲ್ಕು ಕಡೆ ಲಾಕ್ ಇರುವ ಪ್ಲಾಸ್ಟಿಕ್ ಡಬ್ಬಿ, ಅಂಥದ್ದೊಂದು ಹೊಸದು ತಗೊಳ್ಳಿ. ವಾಸನೆ ಹೋಗುವಂತೆ ತೊಳೆದು, ಒಣಗಿಸಿ, 65ರ ಪ್ಯಾಕೆಟ್ ಒಂದನ್ನು ಹಾಕಿ ಸಿಗಾರ್ ಇಡಿ. ಈ ಡಬ್ಬಿ ಗಾಳಿ ಬಿಡುವುದೇ ಇಲ್ಲ, ಹಾಗಾಗಿ ಇಲ್ಲಿ 65 ಹಾಕಿದರೆ 65ರಲ್ಲೇ ನಿಲ್ಲುತ್ತದೆ. ಮನಸ್ಸಿನಲ್ಲಿದ್ದದ್ದನ್ನು ಹೇಳಿಬಿಡುತ್ತೇನೆ. ತಿಂಗಳಿಗೆ ಒಂದು ಸೇದುವವರಿಗೆ, ಅದಕ್ಕಿಂತ ಜಾಸ್ತಿ ಬೇಡವೇ ಬೇಡ, ಹೊಗೆ ಒಳಗೆಳೆಯದಿದ್ದರೂ ಬಾಯಿ, ಗಂಟಲಿನ ಕ್ಯಾನ್ಸರ್ ಭಯ ಇದ್ದೇ ಇದೆ, ಅಂಥವರಿಗೆ ಈ ಡಬ್ಬಿಯೇ ಸಾಕು. ಮರದ ಪೆಟ್ಟಿಗೆ ಬೇಕೆನ್ನಿಸುವುದು ಮುಚ್ಚಳ ತೆರೆದಾಗ ಬರುವ ಆ ಪರಿಮಳಕ್ಕೆ. ನನಗೆ ಅದು ನಮ್ಮ ಬ್ಯಾರನ್ನಿನ ಬೆಳಗನ್ನು ನೆನಪಿಸುತ್ತದೆ, ಹಾಗಾಗಿ ನಾನು ಇಟ್ಟುಕೊಂಡಿದ್ದೇನೆ.

ಸಿಗಾರ್ ಈಗಾಗಲೇ ಸ್ವಲ್ಪ ಒಣಗಿದ್ದರೆ ಗಾಬರಿಯಾಗಿ ಒಮ್ಮೆಲೇ ತೇವ ಕೊಡಬೇಡಿ. ಹೊರಗಿನ ಎಲೆ ಮೊದಲು ಊದಿ ಸೀಳುತ್ತದೆ. ಡಬ್ಬಿಯಲ್ಲಿ 62ರ ಪ್ಯಾಕೆಟ್ ಹಾಕಿ ಎರಡು ಮೂರು ವಾರ ಬಿಟ್ಟು, ಆಮೇಲೆ 65 ಹಾಕಿ. ನಡುವೆ ಎರಡು ಬೆರಳಲ್ಲಿ ಮೆಲ್ಲಗೆ ಒತ್ತಿ ನೋಡಿ. ಚರಚರ ಎಂದರೆ ಇನ್ನೂ ಬೇಕು. ಒತ್ತಿದರೆ ತಗ್ಗಿ, ಬಿಟ್ಟರೆ ಮೇಲೆದ್ದರೆ ಹದ ಬಂದಿದೆ.

ಪೆಟ್ಟಿಗೆ ಯಾವುದೆಂದು ಗೊತ್ತಾದ ಮೇಲೆ ಅದರ ಒಳ ಅಳತೆ, ಮುಚ್ಚಳದ ಹತ್ತಿರದ ಒಂದು ಫೋಟೊ ಕೆಳಗೆ ಹಾಕಿ. ಎಷ್ಟು ಪ್ಯಾಕೆಟ್ ಬೇಕು ಎಂದು ನೋಡಿ ಹೇಳುತ್ತೇನೆ.