ಗುಳ್ಳೆ ಹಸಿಯಿರುವಾಗಲೇ ತೋರಿಸಿ
ಓದುಗರ ಪ್ರಶ್ನೆ, ಚರ್ಮರೋಗ ವೈದ್ಯರ ಉತ್ತರ

ಈ ಸಲ ಬಂದ ಪತ್ರಗಳಲ್ಲಿ ಐದನ್ನು ಒಟ್ಟಿಗೆ ಎತ್ತಿಕೊಂಡಿದ್ದೇನೆ. ಬೆನ್ನು, ತುಟಿ, ಹೇಳಿಕೊಳ್ಳಲು ನಾಚುವ ಜಾಗ, ಮಗುವಿನ ಬಾಯಿ, ಕಣ್ಣು ಹೀಗೆ ಐವರ ತೊಂದರೆಯೂ ಬೇರೆ ಬೇರೆ ಕಡೆ ಕಾಣಿಸಿಕೊಂಡಿದ್ದರೂ ಐದರ ಹಿಂದೆಯೂ ಇರುವುದು ಹರ್ಪಿಸ್ ಎಂಬ ಒಂದೇ ಮನೆತನದ ವೈರಸ್‌ಗಳು. ಮನುಷ್ಯರಿಗೆ ತಗಲುವ ಹರ್ಪಿಸ್ ವೈರಸ್‌ಗಳು ಒಟ್ಟು ಎಂಟು. ಚರ್ಮದ ಮೇಲೆ ಗುಳ್ಳೆ ಎಬ್ಬಿಸಿ ನಮ್ಮ ಬಳಿಗೆ ಜನರನ್ನು ಕರೆತರುವವು ಮುಖ್ಯವಾಗಿ ಮೂರು: ಹರ್ಪಿಸ್ ಸಿಂಪ್ಲೆಕ್ಸ್ ಒಂದು, ಹರ್ಪಿಸ್ ಸಿಂಪ್ಲೆಕ್ಸ್ ಎರಡು ಮತ್ತು ಸೀತಾಳೆ ಸಿಡುಬಿನ ವೈರಸ್. ಒಮ್ಮೆ ದೇಹ ಹೊಕ್ಕ ಮೇಲೆ ಇವು ನರದ ಬುಡದಲ್ಲಿ ಅಡಗಿ ಜೀವಮಾನವಿಡೀ ಅಲ್ಲೇ ಉಳಿಯುತ್ತವೆ.

ಪ್ರಶ್ನೆ: ನಮ್ಮ ಮಾವನವರಿಗೆ ಅರವತ್ತನಾಲ್ಕು ವರ್ಷ, ಸಕ್ಕರೆ ಕಾಯಿಲೆ ಇದೆ. ನಾಲ್ಕು ದಿನದ ಹಿಂದೆ ಬಲಗಡೆ ಬೆನ್ನಿನಿಂದ ಎದೆಯವರೆಗೆ ಚುಚ್ಚಿದಂತೆ ನೋವು ಶುರುವಾಯಿತು. ಹೃದಯದ ತೊಂದರೆ ಇರಬಹುದೆಂದು ಹೆದರಿ ಇಸಿಜಿ ತೆಗೆಸಿದೆವು, ಏನೂ ಇಲ್ಲವೆಂದರು. ನಿನ್ನೆ ಅದೇ ಜಾಗದಲ್ಲಿ ಸಾಲಾಗಿ ಕೆಂಪು ಗುಳ್ಳೆಗಳು ಎದ್ದಿವೆ. ಊರಿನವರು ಸರ್ಪಸುತ್ತು ಎನ್ನುತ್ತಾರೆ. ಬಾಯಿ ಮತ್ತು ಬಾಲ ಕೂಡಿದರೆ ಜೀವಕ್ಕೆ ಅಪಾಯ, ಕುಂಬಾರರ ಮನೆಯಲ್ಲಿ ಕೆಮ್ಮಣ್ಣು ಹಚ್ಚಿಸಬೇಕು ಎನ್ನುತ್ತಾರೆ. ಮನೆಯಲ್ಲಿ ನನ್ನ ನೆಗೆಣ್ಣಿ ಆರು ತಿಂಗಳ ಬಸುರಿ. ಏನು ಮಾಡಬೇಕು? (ಓದುಗಿ, ಆಳಂದ ತಾಲ್ಲೂಕು)

ಉತ್ತರ: ತಾಯಿ, ನಿಮ್ಮ ಪತ್ರ ಕೈಸೇರಿದ ದಿನವೇ ದೂರವಾಣಿಯಲ್ಲಿ ನಿಮಗೆ ಹೇಳಬೇಕಾದುದನ್ನು ಹೇಳಿದ್ದೇನೆ, ಏಕೆಂದರೆ ಈ ಕಾಯಿಲೆಯಲ್ಲಿ ಪತ್ರಿಕೆ ಅಚ್ಚಾಗುವವರೆಗೆ ಕಾಯುವಂತಿಲ್ಲ. ಇಲ್ಲಿ ಬರೆಯುತ್ತಿರುವುದು ನಿಮ್ಮಂತೆಯೇ ಗಾಬರಿಯಾಗುವ ಇತರ ಮನೆಗಳಿಗಾಗಿ.

ನಿಮ್ಮ ಊರಿನವರು ಹೆಸರನ್ನು ಸರಿಯಾಗಿಯೇ ಹೇಳಿದ್ದಾರೆ. ಇದು ಸರ್ಪಸುತ್ತು, ಬೀದರ ಕಡೆ ಮರಾಠಿ ಮಾತಾಡುವ ಮನೆಗಳಲ್ಲಿ ಇದನ್ನೇ ನಾಗೀಣ್ ಎನ್ನುತ್ತಾರೆ. ಮಾವನವರಿಗೆ ಚಿಕ್ಕಂದಿನಲ್ಲಿ ಸೀತಾಳೆ ಸಿಡುಬು ಆಗಿ, ಮನೆಯವರು ಬೇವಿನ ಸೊಪ್ಪು ಕಟ್ಟಿ, ಅಮ್ಮ ಬಂದಿದ್ದಾಳೆಂದು ನೀರು ಹಾಕಿ, ಎಲ್ಲರೂ ಮರೆತುಬಿಟ್ಟಿರುತ್ತಾರೆ. ವೈರಸ್ ಮಾತ್ರ ಬೆನ್ನುಹುರಿಯ ಪಕ್ಕದ ನರದ ಗಂಟಿನಲ್ಲಿ ಉಳಿದಿರುತ್ತದೆ. ವಯಸ್ಸಾಗಿ, ಅಥವಾ ಸಕ್ಕರೆ ಕಾಯಿಲೆ, ಕ್ಯಾನ್ಸರ್ ಚಿಕಿತ್ಸೆ, ಬಹುಕಾಲದ ಸ್ಟೀರಾಯ್ಡ್ ಮಾತ್ರೆ, ಎಚ್‌ಐವಿ ಇವುಗಳಿಂದ ದೇಹದ ಕಾವಲು ಸಡಿಲಿದಾಗ ಅದು ಎಚ್ಚೆತ್ತು, ಒಂದೇ ನರದ ಗುಂಟ ಚರ್ಮದವರೆಗೆ ಇಳಿದು ಬರುತ್ತದೆ. ಹೀಗೆ ನರದೊಳಗೆ ಸಾಗಿಬರುವುದರಿಂದಲೇ ನೋವು ಮೊದಲು, ಗುಳ್ಳೆ ಆಮೇಲೆ. ಗುಳ್ಳೆ ಏಳುವ ಒಂದರಿಂದ ಐದು ದಿನ ಮೊದಲೇ ಉರಿ, ಜುಮುಜುಮು, ಚುಚ್ಚು, ಬಟ್ಟೆ ತಾಗಿದರೂ ಸಹಿಸಲಾಗದ ನೋವು ಶುರುವಾಗುತ್ತದೆ. ಆ ದಿನಗಳಲ್ಲಿ ಎದೆಯ ನೋವನ್ನು ಹೃದಯಕ್ಕೆ, ಹೊಟ್ಟೆಯ ನೋವನ್ನು ಕಲ್ಲಿಗೆ, ಬೆನ್ನಿನ ನೋವನ್ನು ತೊಗರಿ ರಾಶಿಯ ದಣಿವಿಗೆ ಹೊಂದಿಸಿ ನೋಡುವುದು ಸಹಜ. ನೀವು ಇಸಿಜಿ ತೆಗೆಸಿದ್ದು ತಪ್ಪಲ್ಲ. ಆ ವಯಸ್ಸಿನಲ್ಲಿ ಅದನ್ನೇ ಮೊದಲು ನೋಡಬೇಕು.

ಇದರ ಇನ್ನೊಂದು ಗುರುತು ಒಂದೇ ಮಗ್ಗುಲು. ಎಡಗಡೆಯ ನರ ಎಡಕ್ಕೆ, ಬಲಗಡೆಯ ನರ ಬಲಕ್ಕೆ ಹರಡಿಕೊಂಡಿರುವುದರಿಂದ ಗುಳ್ಳೆಗಳ ಪಟ್ಟಿ ಬೆನ್ನೆಲುಬಿನ ಹತ್ತಿರ ಆರಂಭವಾಗಿ ಎದೆಯ ನಡುಗೆರೆಗೆ ಬಂದು ನಿಂತುಬಿಡುತ್ತದೆ. ಬಾಯಿ–ಬಾಲ ಕೂಡಿದರೆ ಎಂಬ ಹೆದರಿಕೆಗೆ ನನ್ನ ಉತ್ತರ ಇದೇ: ಒಂದು ಮಗ್ಗುಲಿನ ನರದ ಗುಂಟ ಎದ್ದ ಪಟ್ಟಿ ಸುತ್ತಿ ಬಂದು ಕೂಡುವುದಿಲ್ಲ. ತೀರ ಅಪರೂಪಕ್ಕೆ ಎರಡೂ ಕಡೆ ಎದ್ದರೆ ಅಥವಾ ಮೈತುಂಬ ಹರಡಿದರೆ, ದೇಹದ ರೋಗನಿರೋಧಕ ಶಕ್ತಿ ಬಹಳ ಕುಗ್ಗಿದೆ ಎಂದು ತಿಳಿದು ಆಸ್ಪತ್ರೆಗೆ ಸೇರಿಸಬೇಕಾಗುತ್ತದೆ.

ಕೆಮ್ಮಣ್ಣು ಹಚ್ಚುವ ಕುಂಬಾರರ ಮೇಲೆ ನನಗೆ ಸಿಟ್ಟಿಲ್ಲ. ಹಸಿ ಮಣ್ಣು ತಂಪು, ಉರಿಗೆ ಹಿತವೆನಿಸುತ್ತದೆ. ಆದರೆ ಒಡೆದ ಗುಳ್ಳೆಗೆ ಮಣ್ಣು ಸೇರಿದರೆ ಕೀವಾಗುತ್ತದೆ, ಹಚ್ಚಿದ ಮೇಲೆ ಗುಳ್ಳೆಯ ರೂಪ ವೈದ್ಯರ ಕಣ್ಣಿಗೆ ಕಾಣುವುದಿಲ್ಲ. ಎಲ್ಲಕ್ಕಿಂತ ಹೆಚ್ಚಾಗಿ ದಿನಗಳು ಕಳೆದುಹೋಗುತ್ತವೆ. ಗುಳ್ಳೆ ಎದ್ದ 72 ಗಂಟೆಯೊಳಗೆ ಈ ವೈರಸ್ ಬೆಳೆಯದಂತೆ ತಡೆಯುವ ಅಸೈಕ್ಲೋವಿರ್ ಅಥವಾ ವ್ಯಾಲಾಸೈಕ್ಲೋವಿರ್ ಮಾತ್ರೆ ಶುರುಮಾಡಿದರೆ ಗುಳ್ಳೆ ಬೇಗ ಒಣಗುತ್ತದೆ, ನೋವಿನ ತೀವ್ರತೆ ತಗ್ಗುತ್ತದೆ. ಮಾವನವರಿಗೆ ಸಕ್ಕರೆ ಕಾಯಿಲೆ ಇರುವುದರಿಂದ ಮೂತ್ರಪಿಂಡದ ಸ್ಥಿತಿ ನೋಡಿ ಪ್ರಮಾಣ ನಿಗದಿಯಾಗಬೇಕು; ಮೆಡಿಕಲ್ ಅಂಗಡಿಯಲ್ಲಿ ಕೇಳಿ ತಂದು ಕೊಡುವ ಮಾತ್ರೆಯಲ್ಲ ಇದು. ಮೂರು ದಿನ ದಾಟಿದ್ದರೂ ಹೊಸ ಗುಳ್ಳೆಗಳು ಏಳುತ್ತಿದ್ದರೆ ಅಥವಾ ಮುಖದ ಮೇಲೆ ಎದ್ದಿದ್ದರೆ ಆಗಲೂ ಬರಬೇಕು.

ನೋವಿನ ಮಾತನ್ನು ಇಷ್ಟು ಒತ್ತಿ ಹೇಳಲು ಕಾರಣವಿದೆ. ಕೆಲವು ವರ್ಷಗಳ ಹಿಂದೆ ಸೇಡಂ ಕಡೆಯ ರೈತರೊಬ್ಬರು ನನ್ನ ಬಳಿ ಬಂದಾಗ ಅಂಗಿಯ ಚುಂಗನ್ನು ಎರಡು ಬೆರಳಲ್ಲಿ ಹಿಡಿದು, ಮೈಗೆ ತಾಗದಂತೆ ದೂರಕ್ಕೆ ಎಳೆದುಕೊಂಡೇ ಒಳಗೆ ಬಂದರು. ಗುಳ್ಳೆ ಒಣಗಿ ಐದು ತಿಂಗಳಾಗಿತ್ತು. ಪಕ್ಕೆಯ ಮೇಲೆ ಮಾಸಲು ಕಲೆಗಳ ಹೊರತು ಏನೂ ಇರಲಿಲ್ಲ. ಹತ್ತಿಯ ಎಳೆಯೊಂದನ್ನು ಆ ಜಾಗದ ಮೇಲೆ ಹಗುರಾಗಿ ಸವರಿದಾಗ ಅವರು ಹಲ್ಲು ಕಚ್ಚಿ ಕುರ್ಚಿಯ ಅಂಚನ್ನು ಹಿಡಿದರು. “ಫ್ಯಾನಿನ ಗಾಳಿ ಬಡದ್ರೂ ಉರಿಲಕತ್ತದ್ರೀ ಸಾಹೇಬ್ರ, ಅಂಗಿ ಹಾಕ್ಕೊಂಡು ಹೊಲಕ್ಕ ಹೋಗಾಕ ಆಗಂಗಿಲ್ರೀ” ಎಂದರು. ಗುಳ್ಳೆಯಿದ್ದ ಹದಿನೈದು ದಿನವೂ ಅವರು ಯಾವ ವೈದ್ಯರಿಗೂ ತೋರಿಸಿರಲಿಲ್ಲ. ಗುಳ್ಳೆ ಮಾಯ್ದ ಮೇಲೆ ಮೂರು ತಿಂಗಳಾದರೂ ಹೀಗೆ ನೋವು ಉಳಿದರೆ ಅದು ನರ ಘಾಸಿಗೊಂಡ ನೋವು. ಅದಕ್ಕೆ ಬೇರೆ ಔಷಧಿಗಳಿವೆ, ಆದರೆ ಚಿಕಿತ್ಸೆ ದೀರ್ಘ. ಬೇಗ ಮಾತ್ರೆ ನುಂಗಿದವರೆಲ್ಲರೂ ಇದರಿಂದ ಪಾರಾಗುತ್ತಾರೆಂದು ನಾನು ಮಾತು ಕೊಡಲಾರೆ, ವಯಸ್ಸಾದಷ್ಟೂ ಇದರ ಸಂಭವ ಹೆಚ್ಚು. ಐವತ್ತು ದಾಟಿದವರಿಗೆ ಸರ್ಪಸುತ್ತಿನ ಲಸಿಕೆ ಈಗ ನಮ್ಮ ದೇಶದಲ್ಲೂ ಸಿಗುತ್ತದೆ. ಎರಡರಿಂದ ಆರು ತಿಂಗಳ ಅಂತರದಲ್ಲಿ ಎರಡು ಡೋಸ್ ತೆಗೆದುಕೊಳ್ಳಬೇಕು. ಬೆಲೆ ಹೆಚ್ಚು ಎಂಬುದು ನಿಜ.

ಮೂಗಿನ ತುದಿಯಲ್ಲಿ ಗುಳ್ಳೆ ಕಂಡರೆ ಅದೇ ದಿನ ಕಣ್ಣಿನ ವೈದ್ಯರ ಬಳಿ ಹೋಗಬೇಕು, ಏಕೆಂದರೆ ಮೂಗಿನ ತುದಿಗೂ ಕಣ್ಣಿಗೂ ಒಂದೇ ನರದ ಕವಲು ಹೋಗುತ್ತದೆ. ಕಿವಿಯೊಳಗೆ ಗುಳ್ಳೆ ಎದ್ದು ಬಾಯಿ ಒಂದು ಕಡೆ ವಾಲಿದರೆ, ಕಿವಿ ಮಂದವಾದರೆ ಅದೂ ತುರ್ತೇ.

ನಿಮ್ಮ ನೆಗೆಣ್ಣಿಯ ವಿಷಯ. ಸರ್ಪಸುತ್ತು ಒಬ್ಬರಿಂದ ಇನ್ನೊಬ್ಬರಿಗೆ ಸರ್ಪಸುತ್ತಾಗಿ ಅಂಟುವುದಿಲ್ಲ. ಆದರೆ ಸೀತಾಳೆ ಸಿಡುಬು ಆಗಿರದವರಿಗೆ ಗುಳ್ಳೆಯ ನೀರು ಸೋಕಿದರೆ ಅವರಿಗೆ ಸೀತಾಳೆ ಸಿಡುಬು ಬರಬಹುದು, ಬಸುರಿಯರಲ್ಲಿ ಅದು ಅಪಾಯಕಾರಿ. ಚಿಕ್ಕವಳಿದ್ದಾಗ ಆಕೆಗೆ ಅಮ್ಮ ಆಗಿತ್ತೇ ಎಂದು ತವರಿನವರನ್ನು ಕೇಳಿ ತಿಳಿದುಕೊಳ್ಳಿ. ಆಗಿಲ್ಲದಿದ್ದರೆ ಎಲ್ಲ ಗುಳ್ಳೆಗಳೂ ಹೊಪ್ಪಳೆ ಕಟ್ಟುವವರೆಗೆ ಮಾವನವರ ಕೋಣೆ, ಟವೆಲ್, ಹಾಸಿಗೆಯಿಂದ ಆಕೆಯನ್ನು ದೂರವಿಡಿ. ಈಗಾಗಲೇ ಸೋಂಕು ತಗಲುವಷ್ಟು ಹತ್ತಿರವಿದ್ದಿದ್ದರೆ ಹೆರಿಗೆ ವೈದ್ಯರಿಗೆ ತಡಮಾಡದೆ ತಿಳಿಸಿ.

ಒಂದು ಎಚ್ಚರಿಕೆಯನ್ನು ಸೇರಿಸುತ್ತೇನೆ. ಮಳೆಗಾಲದಲ್ಲಿ ದೀಪಕ್ಕೆ ಮುತ್ತುವ, ಇರುವೆಯಂತೆ ಕಾಣುವ ಕಪ್ಪು–ಕಿತ್ತಳೆ ಬಣ್ಣದ ಸಣ್ಣ ಹುಳವೊಂದಿದೆ. ಮಲಗಿದ್ದಾಗ ಅದನ್ನು ಮೈಮೇಲೆ ಉಜ್ಜಿದರೆ ಬೆಳಗಾಗುವಷ್ಟರಲ್ಲಿ ಬರೆ ಎಳೆದಂತೆ ಉರಿಯುವ ಕೆಂಪು ಗೆರೆ ಮೂಡಿ, ಕೀವುಗುಳ್ಳೆ ಏಳುತ್ತದೆ. ಇದನ್ನು ಸರ್ಪಸುತ್ತೆಂದು ತಿಳಿದು ಬರುವವರು ಬಹಳ. ಹುಳದ ಬರೆಗೆ ಮುಂಚಿನ ದಿನಗಳ ನೋವು ಇರುವುದಿಲ್ಲ. ಮೊಣಕೈ, ಕುತ್ತಿಗೆಯಂಥ ಮಡಿಕೆಯಲ್ಲಿ ಎದುರುಬದುರು ಎರಡು ಗುರುತು ಮೂಡಿರುತ್ತದೆ.

ಪ್ರಶ್ನೆ: ಪ್ರತಿ ಬೇಸಿಗೆಯಲ್ಲೂ, ಪರೀಕ್ಷೆ ಹತ್ತಿರವಾದಾಗಲೂ ನನ್ನ ಕೆಳತುಟಿಯ ಅಂಚಿನಲ್ಲಿ ಗುಳ್ಳೆಗಳ ಗೊಂಚಲು ಏಳುತ್ತದೆ. ಜೇಡ ಉಚ್ಚೆ ಹೊಯ್ದಿದೆ ಎಂದು ಅಜ್ಜಿ ಅನ್ನುತ್ತಾರೆ. ಮೊಬೈಲ್‌ನಲ್ಲಿ ಹರ್ಪಿಸ್ ಎಂದು ಓದಿ ಮನಸ್ಸು ಕೆಟ್ಟಿದೆ. ನಾನು ಯಾವ ತಪ್ಪೂ ಮಾಡಿಲ್ಲ. (ವಿದ್ಯಾರ್ಥಿನಿ, ಕಲಬುರಗಿ)

ಉತ್ತರ: ತಪ್ಪಿನ ಪ್ರಶ್ನೆಯೇ ಇಲ್ಲಿಲ್ಲ, ಮಗಳೇ. ಇದು ಹರ್ಪಿಸ್ ಸಿಂಪ್ಲೆಕ್ಸ್ ಒಂದರ ಗುಳ್ಳೆ. ಬಹಳ ಮಂದಿಗೆ ಇದು ಎಳವೆಯಲ್ಲಿ, ಪ್ರೀತಿಯಿಂದ ಮುದ್ದಿಟ್ಟ ಮನೆಯವರಿಂದಲೇ ಬಂದಿರುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ ಜಗತ್ತಿನಲ್ಲಿ ಐವತ್ತರೊಳಗಿನವರ ಪೈಕಿ ಶೇಕಡಾ 64ರಷ್ಟು ಜನರಲ್ಲಿ ಈ ವೈರಸ್ ಇದೆ. ಬಹುಪಾಲು ಮಂದಿಗೆ ಗುಳ್ಳೆ ಏಳುವುದೇ ಇಲ್ಲ. ಜ್ವರ, ನಿದ್ದೆಗೇಡು, ಮುಟ್ಟಿನ ದಿನಗಳು, ಮನಸ್ಸಿನ ಒತ್ತಡ, ಸುಡುಬಿಸಿಲು ಇವು ಅದನ್ನು ಎಬ್ಬಿಸುತ್ತವೆ, ನಮ್ಮ ಜಿಲ್ಲೆಯ ಏಪ್ರಿಲ್–ಮೇ ಬಿಸಿಲಿನ ಬಗ್ಗೆ ನಿಮಗೆ ಹೇಳಬೇಕಾದುದಿಲ್ಲ. ಮುಂದಿನ ಸಲ ಗಮನಿಸಿ: ಗುಳ್ಳೆ ಏಳುವ ಹಿಂದಿನ ದಿನ ಅದೇ ಜಾಗದಲ್ಲಿ ಜುಮುಜುಮು, ಬಿಗಿತ, ತುರಿಕೆ ಇರುತ್ತದೆ. ಔಷಧಿಗೆ ಅದೇ ಸರಿಯಾದ ಹೊತ್ತು. ಹಳದಿ ಹೊಪ್ಪಳೆ ಕಟ್ಟಿ ಏಳರಿಂದ ಹತ್ತು ದಿನದಲ್ಲಿ ಅದು ತಾನಾಗಿ ಮಾಯುತ್ತದೆ. ಬಿಸಿಲಿಗೆ ಹೋಗುವಾಗ ತುಟಿಗೂ ಓಡಣಿಯ ನೆರಳಿರಲಿ.

ಎಲ್ಲ ಬಾಯಿಹುಣ್ಣೂ ಹರ್ಪಿಸ್ ಅಲ್ಲ. ಕೆನ್ನೆಯ ಒಳಮೈಯಲ್ಲಿ ಏಳುವ ಬಿಳಿ ತಳದ ದುಂಡು ಹುಣ್ಣು ಬೇರೆ, ಎರಡೂ ಕಟವಾಯಿ ಸೀಳಿ ಬಿರಿಯುವುದು ಬೇರೆ. ಕಟವಾಯಿ ಬಿರಿಯಲು ಕಬ್ಬಿಣಾಂಶದ ಅಥವಾ ಬಿ ಜೀವಸತ್ವದ ಕೊರತೆಯೂ ಕಾರಣವಾಗಿರಬಹುದು. ಗುಳ್ಳೆ ಇರುವಷ್ಟು ದಿನ ಹಸುಗೂಸಿಗೆ ಮುತ್ತಿಡಬೇಡಿ, ಏಕೆಂದರೆ ಹುಟ್ಟಿದ ಮೊದಲ ತಿಂಗಳಲ್ಲಿ ಈ ವೈರಸ್ ಕೂಸಿನ ಜೀವಕ್ಕೇ ಎರವಾಗಬಲ್ಲದು. ಗುಳ್ಳೆ ಮುಟ್ಟಿದ ಬೆರಳನ್ನು ಕಣ್ಣಿಗೆ ಒಯ್ಯಬೇಡಿ. ಬೆರಳಿನ ತುದಿಗೇ ಈ ಸೋಂಕು ತಗಲಿ ಉಗುರುಸುತ್ತಿನಂತೆ ಊದಿಕೊಳ್ಳುವುದೂ ಉಂಟು. ಅದರಲ್ಲಿ ಕೀವಿರುವುದಿಲ್ಲ, ಕೊಯ್ಯಿಸಿದರೆ ಕೆಡುತ್ತದೆ.

ಪ್ರಶ್ನೆ: ನನಗೆ ಇಪ್ಪತ್ತಾರು ವರ್ಷ. ಪತಿ ಹೈದರಾಬಾದಿನಲ್ಲಿ ಕಟ್ಟಡದ ಕೆಲಸಕ್ಕಿದ್ದಾರೆ. ಮೂರು ತಿಂಗಳ ಹಿಂದೆ ಜ್ವರ ಬಂದು, ಗುಪ್ತಾಂಗದಲ್ಲಿ ಸಹಿಸಲಾರದ ಹುಣ್ಣುಗಳಾದವು, ಮೂತ್ರ ಮಾಡುವಾಗ ಬೆಂಕಿ ತಾಗಿದಂತೆ ಉರಿ, ತೊಡೆಸಂದಿಯಲ್ಲಿ ಗಂಟು. ಮೂತ್ರದ ಸೋಂಕೆಂದು ಮಾತ್ರೆ ಕೊಟ್ಟರು. ವಾಸಿಯಾಗಿ ಈಗ ಮತ್ತೆ ಸ್ವಲ್ಪ ಬಂದಿದೆ. ರಕ್ತಪರೀಕ್ಷೆಯಲ್ಲಿ ಹರ್ಪಿಸ್ ಐಜಿಎಂ ಪಾಸಿಟಿವ್ ಎಂದಿದೆ. ಪತಿ ನನಗೆ ಮೋಸ ಮಾಡಿದ್ದಾರೆಯೇ? ಮುಂದೆ ಮಕ್ಕಳಾಗುವುದೇ? (ಹೆಸರು ಬೇಡ, ಯಾದಗಿರಿ ಜಿಲ್ಲೆ)

ಉತ್ತರ: ಇಷ್ಟು ವಿವರವಾಗಿ ಬರೆಯಲು ನಿಮಗೆ ಎಷ್ಟು ಧೈರ್ಯ ಬೇಕಾಗಿತ್ತೆಂದು ನಾನು ಬಲ್ಲೆ. ನೀವು ಹೇಳುವ ಲಕ್ಷಣಗಳು ಗುಪ್ತಾಂಗದ ಹರ್ಪಿಸ್‌ಗೆ ಹೊಂದುತ್ತವೆ. ಮೊದಲ ಸಲ ಜ್ವರ, ಮೈಕೈ ನೋವು, ಗಂಟುಗಳೊಂದಿಗೆ ಜೋರಾಗಿ ಬರುವುದು, ಆಮೇಲೆ ಕಡಿಮೆ ಹುಣ್ಣು, ಕಡಿಮೆ ದಿನ ಹೀಗೆ ಮರಳುವುದು ಇದರ ರೀತಿ. ಮರಳುವ ಮುನ್ನ ತೊಡೆಗೋ ಕುಂಡೆಗೋ ಸೆಳೆತ ಬರಬಹುದು. ಇದೇ ಜಾಗದಲ್ಲಿ ನೋವೇ ಇಲ್ಲದ ಒಂಟಿ ಹುಣ್ಣಾದರೆ ಸಿಫಿಲಿಸ್ ಎಂಬ ಬೇರೊಂದು ಲೈಂಗಿಕ ಸೋಂಕು ಇರಬಹುದೆಂದು ಅನುಮಾನಿಸುತ್ತೇವೆ. ಆದರೆ ನೋವೊಂದನ್ನೇ ನಂಬಿ ತೀರ್ಮಾನಿಸುವುದಿಲ್ಲ. ಆದ್ದರಿಂದ ಇಬ್ಬರೂ ಸಿಫಿಲಿಸ್ ಮತ್ತು ಎಚ್‌ಐವಿ ಪರೀಕ್ಷೆ ಮಾಡಿಸಿಕೊಳ್ಳಿ.

ಸೋಂಕಿನ ವಿರುದ್ಧ ರಕ್ತದಲ್ಲಿ ಹುಟ್ಟುವ ಪ್ರತಿಕಾಯವನ್ನು ಹುಡುಕುವ ಐಜಿಎಂ ಪರೀಕ್ಷೆಯ ವರದಿಯನ್ನು ಪಕ್ಕಕ್ಕಿಡಿ. ಅದು ಎರಡು ಬಗೆಯ ವೈರಸ್‌ಗಳನ್ನು ನೆಚ್ಚುವಂತೆ ಬೇರ್ಪಡಿಸುವುದಿಲ್ಲ, ಹಳೆಯ ಸೋಂಕು ಮರುಕಳಿಸಿದಾಗಲೂ ಪಾಸಿಟಿವ್ ಬರುತ್ತದೆ, ಸೋಂಕಿಲ್ಲದವರಲ್ಲೂ ಕೆಲವೊಮ್ಮೆ ಬರುತ್ತದೆ. ಹಸಿ ಹುಣ್ಣನ್ನು ಹತ್ತಿಕಡ್ಡಿಯಿಂದ ಸವರಿ (ಸ್ವಾಬ್) ತೆಗೆದು, ಅದರಲ್ಲಿ ವೈರಸ್ಸನ್ನೇ ಹುಡುಕುವ ಪಿಸಿಆರ್ ಪರೀಕ್ಷೆಯೇ ಸರಿಯಾದುದು. ಈಗ ಹುಣ್ಣು ಇರುವಾಗಲೇ, ಯಾವ ಮುಲಾಮೂ ಹಚ್ಚದೆ ಹೋಗಿ. ಯಾದಗಿರಿ, ಕಲಬುರಗಿ, ಬೀದರ ಮೂರೂ ಕಡೆ ಸರ್ಕಾರಿ ವೈದ್ಯಕೀಯ ವಿಜ್ಞಾನ ಸಂಸ್ಥೆಗಳಿವೆ. ಲೈಂಗಿಕ ಸೋಂಕುಗಳಿಗಾಗಿ ಸರ್ಕಾರ ನಡೆಸುವ ಸುರಕ್ಷಾ ಕ್ಲಿನಿಕ್‌ಗಳಲ್ಲಿ ಚಿಕಿತ್ಸೆ ಉಚಿತ, ಗುಟ್ಟು ಕಾಯುತ್ತಾರೆ. ಅಲ್ಲಿ ಹರ್ಪಿಸ್ ಹುಣ್ಣಿಗೆ ಕೊಡುವ ಔಷಧಿಯ ಕಿಟ್ ಕೆಂಪು ಬಣ್ಣದ್ದು, ಅದರಲ್ಲಿರುವುದು ಅಸೈಕ್ಲೋವಿರ್.

ಪತಿಯ ಕುರಿತ ಪ್ರಶ್ನೆಗೆ ಯಾವ ಪರೀಕ್ಷೆಯೂ ಉತ್ತರ ಕೊಡಲಾರದು. ಸೋಂಕು ತಗಲಿದ ಎರಡರಿಂದ ಹನ್ನೆರಡು ದಿನದಲ್ಲಿ ಹುಣ್ಣು ಏಳಬಹುದು, ವರ್ಷಗಟ್ಟಲೆ ಮಲಗಿದ್ದು ಏಳಬಹುದು. ಮದುವೆಗೆ ಮೊದಲೇ ಇಬ್ಬರಲ್ಲಿ ಯಾರಿಗಾದರೂ ಇದ್ದು, ಅವರಿಗೇ ತಿಳಿಯದೆ ಉಳಿದಿರಬಹುದು. ತುಟಿಯ ಹರ್ಪಿಸ್ ಕೂಡ ಗುಪ್ತಾಂಗಕ್ಕೆ ಅಂಟಬಲ್ಲದು. ಹುಣ್ಣು ಕಾಣದ ದಿನಗಳಲ್ಲೂ ಚರ್ಮದಿಂದ ವೈರಸ್ ಹೊರಬೀಳುತ್ತದೆ. ಈ ಕಾರಣಕ್ಕೆ ಗುಳ್ಳೆಯನ್ನು ಸಾಕ್ಷಿಯಾಗಿಟ್ಟುಕೊಂಡು ಸಂಸಾರ ಒಡೆಯಬಾರದೆಂದು ನನ್ನ ಖಚಿತ ಅಭಿಪ್ರಾಯ. ಪತಿ ಊರಿಗೆ ಬಂದಾಗ ಇಬ್ಬರೂ ಒಟ್ಟಿಗೆ ಆಪ್ತಸಮಾಲೋಚಕರ ಮುಂದೆ ಕೂತು ಮಾತಾಡಿ. ಹುಣ್ಣಿರುವ ದಿನಗಳಲ್ಲಿ ಕೂಡುವುದು ಬೇಡ. ಉಳಿದ ದಿನಗಳಲ್ಲಿ ನಿರೋಧ್ ಬಳಸಿದರೆ ಅಂಟುವ ಸಂಭವ ತಗ್ಗುತ್ತದೆ, ಪೂರ್ತಿ ಇಲ್ಲವಾಗುವುದಿಲ್ಲ.

ಮಕ್ಕಳಾಗುವುದಕ್ಕೆ ಇದರಿಂದ ತೊಡಕಿಲ್ಲ. ಬಸುರಾದಾಗ ವೈದ್ಯರಿಗೆ ಮರೆಮಾಚದೆ ಹೇಳಿ. ಕೊನೆಯ ನಾಲ್ಕು ವಾರ ಮಾತ್ರೆ ಕೊಡುತ್ತಾರೆ. ನೋವು ಶುರುವಾದ ಹೊತ್ತಿಗೆ ಹುಣ್ಣು ಇದ್ದರೆ ಸಿಸೇರಿಯನ್ ಮಾಡುತ್ತಾರೆ, ಇಲ್ಲದಿದ್ದರೆ ಸಹಜ ಹೆರಿಗೆಯೇ ಆಗಬಹುದು.

ಪ್ರಶ್ನೆ: ಎರಡು ವರ್ಷದ ಮಗನಿಗೆ ಜ್ವರ, ಒಸಡು ಊದಿ ರಕ್ತ ಬರುತ್ತಿದೆ, ಬಾಯಿತುಂಬ ಹುಣ್ಣು, ಜೊಲ್ಲು ನಿಲ್ಲುವುದಿಲ್ಲ, ಏನೂ ತಿನ್ನುವುದಿಲ್ಲ. (ತಾಯಿ, ಭಾಲ್ಕಿ)

ಉತ್ತರ: ಹರ್ಪಿಸ್ ಮೊದಲ ಸಲ ತಗಲಿದಾಗ ಚಿಕ್ಕಮಕ್ಕಳಲ್ಲಿ ಹೀಗಾಗಬಹುದು. ಹತ್ತು–ಹನ್ನೆರಡು ದಿನದಲ್ಲಿ ಗುಣವಾಗುತ್ತದೆ, ಆದರೆ ಅಷ್ಟರಲ್ಲಿ ಮಗುವಿನ ಮೈಯ ನೀರು ಆರುವುದೇ ದೊಡ್ಡ ಅಪಾಯ. ತಣ್ಣನೆಯ ಮಜ್ಜಿಗೆ, ಗಂಜಿಯನ್ನು ಚಮಚದಿಂದ ಸ್ವಲ್ಪಸ್ವಲ್ಪವೇ ಕುಡಿಸಿ, ಮಕ್ಕಳ ವೈದ್ಯರಿಗೆ ಇಂದೇ ತೋರಿಸಿ. ಆರು ಗಂಟೆಯಾದರೂ ಮೂತ್ರ ಮಾಡದಿದ್ದರೆ ಆಸ್ಪತ್ರೆಗೆ ಸೇರಿಸಬೇಕಾದೀತು. ಇದು ಎಲ್ಲ ವಯಸ್ಸಿನವರಿಗೂ ಅನ್ವಯಿಸುವ ಮಾತು: ಜ್ವರ, ತಲೆನೋವಿನ ಜೊತೆ ಮಾತು ತಪ್ಪುವುದು, ಗುರುತು ಹಿಡಿಯದಿರುವುದು, ಸೆಳವು ಕಂಡರೆ ಗಾಳಿ ಸೋಕಿದೆಯೆಂದು ತಾಯತ ಕಟ್ಟಿಸುತ್ತ ಕೂರಬೇಡಿ. ಹರ್ಪಿಸ್ ಮಿದುಳಿಗೇರಿದರೂ ಹೀಗಾಗುತ್ತದೆ, ಅದಕ್ಕೆ ರಕ್ತನಾಳದ ಮೂಲಕ ಅಸೈಕ್ಲೋವಿರ್ ಗಂಟೆಗಳೊಳಗೆ ಶುರುವಾಗಬೇಕು.

ಪ್ರಶ್ನೆ: ಒಂದೇ ಕಣ್ಣು ಕೆಂಪಾಗಿ ನೋಯುತ್ತಿದೆ, ಬೆಳಕು ನೋಡಲಾಗುವುದಿಲ್ಲ, ನೀರು ಸುರಿಯುತ್ತದೆ. ಅಂಗಡಿಯಿಂದ ತಂದ ಹನಿ ಹಾಕಿದಾಗ ಎರಡು ದಿನ ಹಿತವೆನಿಸಿತು, ಈಗ ಮಂಜು ಕವಿದಂತಿದೆ. (ಶಿಕ್ಷಕರು, ಹುಮನಾಬಾದ)

ಉತ್ತರ: ಹನಿಯನ್ನು ಇವತ್ತೇ ನಿಲ್ಲಿಸಿ, ಇವತ್ತೇ ಕಣ್ಣಿನ ವೈದ್ಯರ ಬಳಿ ಹೋಗಿ. ಹರ್ಪಿಸ್ ಕಣ್ಣಿನ ಕಪ್ಪುಗುಡ್ಡೆಯ ಮೇಲೆ ಮರದ ಕೊಂಬೆಯಂತೆ ಕವಲೊಡೆದ ಹುಣ್ಣು ಮಾಡುತ್ತದೆ. ಬಣ್ಣದ ಹನಿ ಹಾಕಿ, ಕಣ್ಣನ್ನು ದೊಡ್ಡದಾಗಿ ತೋರಿಸುವ ಸ್ಲಿಟ್ ಲ್ಯಾಂಪ್ ಎಂಬ ಉಪಕರಣದಲ್ಲಿ ನೋಡಿದಾಗ ಅದು ಹಸಿರಾಗಿ ಹೊಳೆಯುತ್ತದೆ. ಸ್ಟೀರಾಯ್ಡ್ ಇರುವ ಹನಿ ಮೊದಲು ಕೆಂಪನ್ನು ಇಳಿಸಿ, ಒಳಗೆ ಆ ಹುಣ್ಣನ್ನು ಬೆಳೆಸುತ್ತದೆ. ಉಳಿದ ಹನಿಯ ಸೀಸೆಯನ್ನು ಬಿಸಾಡದೆ ಜೊತೆಗೆ ಒಯ್ಯಿರಿ, ಅದರಲ್ಲಿ ಸ್ಟೀರಾಯ್ಡ್ ಇತ್ತೇ ಎಂಬುದು ಲೇಬಲ್ ನೋಡಿದರೆ ವೈದ್ಯರಿಗೆ ತಿಳಿಯುತ್ತದೆ.